ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬೋಳಾರದ ಹಂಚಿನ ಕಾರ್ಖಾನೆಯ ಹಿಂದೆ
ಗೋಡೆಗೂ ಹೊಳೆಗೂ ನಡುವೆ ಒಂದು ಅಂಗಳ.
ಅಂಗಳ ಅಂದರೆ ಯಾರದ್ದೂ ಅಲ್ಲ,
ಬೇಯುವಾಗ ಬಿರುಕುಬಿಟ್ಟ ಹಂಚು ಸುರಿಯುವ ಜಾಗ.
ಕಾಲಿಟ್ಟರೆ ಕರಕರ,
ಸಂಜೆ ಮನೆಗೆ ಬಂದರೆ ಅಂಗಾಲು ಕುಂಕುಮ.

ನಾವು ಹಾವೇರಿ ಕಡೆಯವರು.
ಅಪ್ಪ ದೋಣಿಯಿಂದ ಜೇಡಿಮಣ್ಣು ಹೊರುತ್ತಿದ್ದ.
ಬಂದು ಎಂಟು ದಿನ, ನನಗೆ ಏಳು ವರ್ಷ,
ತುಳು ಒಂದಕ್ಷರ ಬಾರದು.

ಅವರು ಲಗೋರಿ ಕಟ್ಟುತ್ತಿದ್ದರು.
ಆರು ಬಿಲ್ಲೆ ಒಂದರ ಮೇಲೊಂದು ಕೂತಿತ್ತು,
ಏಳನೆಯದು ನನ್ನ ಕಾಲಬುಡದಲ್ಲಿ.
"ಓಡು! ಓಡು!" ಐರಿನ್ ಕೈಚಾಚಿ ಕಿರುಚಿದಳು.

ನಾನು ಓಡಿದೆ.
ಗೋಡೆ ಸುತ್ತಿ, ಐಸಿನ ಕಾರ್ಖಾನೆ ದಾಟಿ,
ಬುಟ್ಟಿ ಇಳಿಸುತ್ತಿದ್ದ ಮೀನಿನ ಹೆಂಗಸಿಗೆ ಡಿಕ್ಕಿ ಹೊಡೆದು,
ಬಂಗುಡೆಗಳ ನಡುವೆ ಕೂತು ತಿರುಗಿ ನೋಡಿದರೆ
ಅಟ್ಟಿಸಿಕೊಂಡು ಬಂದವರು ಯಾರೂ ಇಲ್ಲ.

ಓಡು ಅಂದರೆ ಹಂಚು ಮಾರಾಯ್ತಿ,
ನಮ್ಮ ತುಳುವಿನಲ್ಲಿ ಹಂಚು!
ಹೊಟ್ಟೆ ಹಿಡಿದುಕೊಂಡೇ ಪಂಚಾಯಿತಿ ಮಾಡಿದರು:
ಸಣ್ಣದು, ಘಟ್ಟದ್ದು, ಪಾಪ ಬೇರೆ.
ಇರಲಿ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಹಾಗೆಂದರೆ ಎಂತದು ಅಂತ ಆಡಿದವರಿಗೆ ಗೊತ್ತು.
ಚೆಂಡು ತಗಲಿದರೂ ತಗಲಿದ್ದಲ್ಲ.
ನಾನು ಲಗೋರಿ ಉರುಳಿಸಿದರೂ ಬಿದ್ದದ್ದಲ್ಲ,
ಅದ್ರಾಮ ಬಂದು ಮೆಲ್ಲ ಮತ್ತೆ ಜೋಡಿಸುತ್ತಿದ್ದ,
ಗಾಳಿಗೆ ಬಿತ್ತು ಅನ್ನುವ ಹಾಗೆ.
ಒಂದು ಮಳೆಗಾಲವಿಡೀ ನಾನು ಗಾಳಿಯಾಗಿದ್ದೆ.
ತುಳು ಕಲಿತದ್ದು ಆಗಲೇ.
ಮೊದಲು ಬೈಗುಳ, ಆಮೇಲೆ ಲೆಕ್ಕ:
ಒಂಜಿ, ರಡ್ಡ್, ಮೂಜಿ, ನಾಲ್,
ಐನ್, ಆಜಿ, ಏಳ್.

ಅದ್ರಾಮನಿಗೆ ಜ್ವರ ಬಂದ ದಿನ
ಒಂದು ಕಡೆಗೆ ಒಬ್ಬರು ಕಡಿಮೆ.
ಐರಿನ್ ಜಡೆಯ ತುದಿ ಕಚ್ಚಿಕೊಂಡು ಯೋಚಿಸಿ, ಹೇಳಿದಳು:
"ಇನಿ ಆಲೆಗ್ಲಾ ಲೆಕ್ಕ ಉಂಡು."
ಇವತ್ತು ಅವಳಿಗೂ ಲೆಕ್ಕ ಉಂಟು.

ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ.
ಸೈಕಲ್ ಟ್ಯೂಬು ಸುತ್ತಿದ ಚೆಂಡು,
ಸೇಸಪ್ಪನ ಕೈ,
ನನ್ನ ಬೆನ್ನು.

"ನೀಲವ್ವ ಔಟ್!"

ಅಷ್ಟೂ ಬಾಯಿ ಒಟ್ಟಿಗೆ ಕೂಗಿದವು.
ಅಲ್ಲಿಯವರೆಗೆ ಯಾರೂ ನನ್ನ ಹೆಸರು ಹೇಳಿರಲಿಲ್ಲ,
ಗೊತ್ತಿತ್ತು ಅಂತಲೂ ನನಗೆ ಗೊತ್ತಿರಲಿಲ್ಲ.
ಗೋಡೆ ಹತ್ತಿ ಕೂತು ಅತ್ತೆ.
ನೋವು ಅಂತ ತಿಳಿದ ಸೇಸಪ್ಪ
ಚಡ್ಡಿಯ ಕಿಸೆಯಿಂದ ಅರ್ಧ ತಿಂದ ಪುನರ್ಪುಳಿ ತೆಗೆದುಕೊಟ್ಟ.

ರಾತ್ರಿ ಅವ್ವ ಎಣ್ಣೆ ಹಚ್ಚಿದಳು:
"ಯಾವ ಭಾಡ್ಯಾ ಹೊಡದಾನ ಹೇಳು."
ನಾನು ಹೇಳಲಿಲ್ಲ.
ಆ ದುಂಡಗಿನ ಕೆಂಪು ನನ್ನದು.
ಮೂರು ದಿನ ಇತ್ತು. ನಾಲ್ಕನೆಯ ದಿನ
ಕನ್ನಡಿಗೆ ಬೆನ್ನು ತಿರುಗಿಸಿ ಹುಡುಕಿದೆ.

ಮೊಮ್ಮಗಳ ಮೊಬೈಲಿನಲ್ಲಿ ಒಬ್ಬ ಹುಡುಗ ಓಡುತ್ತಾನೆ.
ಬಿದ್ದರೆ ಜಾಹೀರಾತು,
ಜಾಹೀರಾತು ಮುಗಿದರೆ ಇನ್ನೊಂದು ಜೀವ.
ನಾನೂ ಆಡಿ ನೋಡಿದೆ. ಹದಿನೇಳು ಸಲ ಸತ್ತೆ.
ಸುಳ್ಳು ಹೇಳಬಾರದು, ಖುಷಿಯೇ ಆಯಿತು.
"ಔಟ್ ಆದರೆ ಯಾರು ಕೂಗುತ್ತಾರೆ?" ಕೇಳಿದೆ.
"ಯಾರೂ ಇಲ್ಲ ಅಜ್ಜಿ. ಒಂದು ಸದ್ದು ಬರ್ತದೆ."
ಆ ಸದ್ದನ್ನು ಅವಳು ಬಾಯಲ್ಲೇ ಮಾಡಿ ತೋರಿಸಿದಳು,
ಚೆನ್ನಾಗಿ ಮಾಡಿದಳು.

ಮೊನ್ನೆ ಮಳೆಗೆ ಮುಂಚೆ ಮಾಡು ಕಟ್ಟಿಸಿದೆವು.
ಸೋರುವಲ್ಲಿ ಹಳೆಯದು ತೆಗೆದು ಹೊಸದು.
ಪಕಾಸಿನ ಮೇಲೆ ಕೂತ ಹುಡುಗ
ಕೆಳಗೆ ನಿಂತ ನನ್ನತ್ತ ನೋಡದೆ ಕೈಚಾಚಿ
"ಓಡು!" ಅಂದ.

ಹಂಚು ನನ್ನ ಕಾಲಬುಡದಲ್ಲೇ ಇತ್ತು.
ಹಿಮ್ಮಡಿ ಮಾತ್ರ
ಆಗಲೇ ನೆಲ ಬಿಟ್ಟಿತ್ತು.